ಬಿಳಿ ಪೆಟ್ಟಿಗೆಯ ಪಕ್ಕದ ಒಲೆ

ಹೋದ ಮಳೆಗಾಲ ಮುಗಿಯುತ್ತ ಬಂದಾಗ ನಮ್ಮ ಸೊಸೈಟಿ ಕಟ್ಟಡದ ಮಾಳಿಗೆಯಲ್ಲಿ ಒಂದು ಉಪನ್ಯಾಸವಿತ್ತು. ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ಮನುಷ್ಯನೇ ಕಾರಣ ಎಂದು ಹೇಗೆ ಗೊತ್ತಾಯಿತು ಎಂಬುದು ವಿಷಯ. ಮಾತಾಡಿದವಳು ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ಹೆಣ್ಣುಮಗಳು. ಚೆನ್ನಾಗಿ ಹೇಳಿದಳು. ನಾನು ಓದಿದ್ದು ಹೈಸ್ಕೂಲಿನವರೆಗೆ, ನನಗೂ ಅರ್ಥವಾಯಿತು. ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು.

"ಎಲ್ಲ ಸರಿ ತಂಗಿ. ಹಿಮಾಲಯದ್ದು ಹೇಳಿದೆ, ಸಮುದ್ರದ್ದು ಹೇಳಿದೆ. ಯಂಗಳ ಸಿದ್ದಾಪುರದ್ದು ಹೇಳು. ಇಲ್ಲಿ ಮೊದ್ಲು ಚಳಿ ಎಷ್ಟಿತ್ತು ಹೇಳಿ ಯಾರಾದ್ರೂ ಅಳೆದಿಟ್ಟಿದ್ವ?"

"ಈ ಊರಿನ ಹಳೆಯ ಅಳತೆ ನನಗೆ ಸಿಕ್ಕಿಲ್ಲ. ಸುತ್ತಲಿನ ಊರುಗಳದ್ದು ಇದೆ," ಎಂದಳು ಅವಳು.

"ಹಂಗಾರೆ ಯಮ್ಮನೆ ಅಜ್ಜನ ಕಂಬಳಿನೇ ಸಾಕ್ಷಿ. ಮೊದ್ಲು ಎರಡು ಹೊದಿತಿದ್ದ, ಈಗ ಒಂದೂ ಬ್ಯಾಡ ಹೇಳ್ತ."

ಜನ ನಕ್ಕರು. ನಾನು ಎರಡನೇ ಸಾಲಿನಲ್ಲಿ ಕುಳಿತಿದ್ದೆ. ಇಲ್ಲಿ ಅಳೆದವರು ಇದ್ದರು ಎಂಬುದು ನನಗೆ ಗೊತ್ತಿತ್ತು. ಆ ಅಳತೆ ಯಾಕೆ ಸಿಗುವುದಿಲ್ಲ ಎಂಬುದೂ ಗೊತ್ತಿತ್ತು. ಎದ್ದು ಹೇಳಬಹುದಿತ್ತು. ಕೊಟ್ಟ ಚಹಾ ಕುಡಿದು ಮನೆಗೆ ಬಂದೆ. ಅಲ್ಲಿ ಆಡದ್ದನ್ನು ಈಗ ಬರೆಯುತ್ತಿದ್ದೇನೆ. ಬರೆಯುವಾಗ ಮನಸ್ಸಿನಲ್ಲಿ ದೊಡ್ಡ ಸಂಕಟವೇನೂ ಇಲ್ಲ. ಇರಬೇಕಿತ್ತು ಅಂತ ಮಾತ್ರ ಅನಿಸುತ್ತದೆ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಊರಿನ ಅಂಚಿನಲ್ಲಿ ಒಂದು ಬೇಣವಿತ್ತು. ಬೇಣ ಎಂದರೆ ಮರಗಿಡ ಹೆಚ್ಚಿಲ್ಲದ ಹುಲ್ಲುಗಾವಲು. ಅದು ನನ್ನ ಅಕ್ಕನನ್ನು ಕೊಟ್ಟ ಮನೆಯವರದು. ಅದರ ಒಂದು ಮೂಲೆಯಲ್ಲಿ ನಾಲ್ಕು ಕಾಲಿನ ಮೇಲೆ ಒಂದು ಬಿಳಿ ಪೆಟ್ಟಿಗೆ ಬಂದು ನಿಂತಿತು. ಎದೆಯೆತ್ತರ. ಗೋಡೆಗೆ ಹಲಗೆಯ ಬದಲು ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳು. ಗಾಳಿ ಆಡಬೇಕು, ಬಿಸಿಲು ತಾಗಬಾರದು ಎಂದು. ಒಳಗೆ ಥರ್ಮಾಮೀಟರುಗಳು. ಹಗಲಿನ ಹೆಚ್ಚಿನ ಬಿಸಿ ತೋರಿಸುವುದು ಒಂದು, ರಾತ್ರಿಯ ಹೆಚ್ಚಿನ ಚಳಿ ತೋರಿಸುವುದು ಇನ್ನೊಂದು. ಚಳಿಯದರ ನಳಿಗೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಒಂದು ಕಪ್ಪು ಕಡ್ಡಿ ಇರುತ್ತಿತ್ತು. ಚಳಿ ಇಳಿದಂತೆ ಅದು ಇಳಿಯುತ್ತಿತ್ತು. ಚಳಿ ಬಿಟ್ಟರೂ ಇಳಿದಲ್ಲೇ ನಿಂತಿರುತ್ತಿತ್ತು. ಬೆಳಿಗ್ಗೆ ಹೋಗಿ ಅದು ನಿಂತ ಜಾಗ ಓದಬೇಕು, ಓದಿ ಅದನ್ನು ಮತ್ತೆ ಮೇಲಕ್ಕೆ ತರಬೇಕು.

ಪೆಟ್ಟಿಗೆ ತರಿಸಿದವರು ಒಬ್ಬ ನಿವೃತ್ತ ಮಾಸ್ತರರು. ಬನವಾಸಿಯಿಂದ ಇನ್ನೂ ಪೂರ್ವಕ್ಕಿರುವ ಊರಿನವರು, ವ್ಯಾಪಾರದ ಮನೆತನದವರು. ನಮ್ಮ ಊರಿನ ಶಾಲೆಯಲ್ಲಿ ಬಹಳ ವರ್ಷ ಕಲಿಸಿ ಇಲ್ಲೇ ಬಾಡಿಗೆ ಮನೆಯಲ್ಲಿ ಉಳಿದಿದ್ದರು. ನಾನೂ ಅವರ ಹತ್ತಿರ ಕಲಿತವನೇ. ಆಗ ಸುತ್ತಮುತ್ತ, ಯಲ್ಲಾಪುರದ ಕಡೆಯಂತೂ ಹೆಚ್ಚಾಗಿ, ಹಳೆಯ ಕಾಡು ಪೂರ್ತಿ ಕಡಿದು ಸುಟ್ಟು ಸಾಗವಾನಿ ನೆಡುತ್ತಿದ್ದರು. ಕಾಡು ಹೋದ ಮೇಲೆ ಚಳಿಯೂ ಹೋಯಿತು ಎಂದು ಹೋಟೆಲಿನಲ್ಲಿ ಕುಳಿತವರೆಲ್ಲ ಹೇಳುತ್ತಿದ್ದರು. ಮಾಸ್ತರರಿಗೆ ಆ ಮಾತು ಹಿಡಿಸುತ್ತಿರಲಿಲ್ಲ.

"ಹೋತು ಹೋತು ಅಂತೀರಲ್ರಿ, ಎಷ್ಟ ಹೋತು? ಯಾವಾಗಿಂದ ಹೋತು? ಅಳದವ್ರ ಯಾರು?" ಎಂದು ಅವರನ್ನೇ ಕೇಳುತ್ತಿದ್ದರು. ಆಮೇಲೆ ಎಲ್ಲೆಲ್ಲಿಗೋ ಬರೆದು, ಹವಾಮಾನದ ಕಚೇರಿಯವರನ್ನು ಒಪ್ಪಿಸಿ ಪೆಟ್ಟಿಗೆ ತರಿಸಿದರು.

ಜನ ಅದನ್ನು ಜೇನುಪೆಟ್ಟಿಗೆ ಎಂದೇ ಕರೆದರು. ಜೇನು ಸಾಕುವವರು ನಮ್ಮಲ್ಲಿ ಮನೆಗೊಬ್ಬರು. ದನ ಹೊಡೆದುಕೊಂಡು ಹೋಗುವವರು ನಿಂತು, "ಮಾಸ್ತರ್ರೇ, ಈ ಸಲ ತುಪ್ಪ ಎಷ್ಟು ಇಳಿತ್ರೋ?" ಎನ್ನುವರು. ಮಾಸ್ತರರು ಪೆಟ್ಟಿಗೆಯ ಬಾಗಿಲು ಹಾಕುತ್ತ, "ಹುಳಾ ಇನ್ನೂ ಸಣ್ಣವು ಅದಾವ. ಮೂವತ್ತ ವರ್ಷ ತಡೀರಿ," ಎನ್ನುವರು.

ಆ ಮೂವತ್ತು ವರ್ಷದ ಮಾತು ತಮಾಷೆಯಾಗಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಕೆಲಸವಿಲ್ಲದೆ ತಿರುಗುತ್ತಿದ್ದ ನನ್ನನ್ನು ಮಾಸ್ತರರು ಕರೆದು ಓದುವುದನ್ನು ಕಲಿಸಿದರು. ತಾವು ಊರಿಗೆ ಹೋದಾಗ ಒಬ್ಬರು ಬೇಕಲ್ಲ ಎಂದು. ಮೊದಲ ದಿನವೇ ಹೇಳಿದರು:

"ತಮ್ಮಾ, ಒಂದ ಚಳಿಗಾಲದಿಂದ ಏನೂ ಗೊತ್ತಾಗೂದಿಲ್ಲ. ನಾಕ ಚಳಿಗಾಲದಿಂದನೂ ಗೊತ್ತಾಗೂದಿಲ್ಲ. ಒಂದ ವರ್ಷ ಹೆಚ್ಚು, ಒಂದ ವರ್ಷ ಕಡಿಮಿ, ಅದು ಇದ್ದದ್ದ. ಮೂವತ್ತ ವರ್ಷ ಇದ ಜಾಗಾದಾಗ, ಇದ ಎತ್ತರದಾಗ, ಇದ ಹೊತ್ತಿಗೆ ನೋಡಿದ್ರ ಆವಾಗ ಒಂದ ಮಾತು ಆಡಬಹುದು. ನಾ ಇರೂದಿಲ್ಲ. ಪೆಟಗಿ ಇರಬೇಕು. ಇದು ಇಲ್ಲಿಂದ ಅಲಗಬಾರದು."

ಅವರಿಗೆ ಬೇಕಾಗಿದ್ದು ಅಷ್ಟೇ. ಪೆಟ್ಟಿಗೆ ಅಲ್ಲಿಂದ ಅಲುಗಬಾರದು. ಹೆಸರು, ಸನ್ಮಾನ ಯಾವುದೂ ಅಲ್ಲ. ಮಕ್ಕಳಿರಲಿಲ್ಲ ಅವರಿಗೆ. ಪೆಟ್ಟಿಗೆ ಅಲ್ಲಿರಬೇಕು, ಅದರ ಸುತ್ತ ಏನೂ ಬದಲಾಗಬಾರದು, ಬದಲಾದರೆ ಬರೆಯಬೇಕು. ತಿಂಗಳು ತಿಂಗಳು ಕಚೇರಿಗೆ ಕಳಿಸುವ ಕಾಗದದ ಕೊನೆಯಲ್ಲಿ ಅದಕ್ಕೆಂದೇ ಒಂದು ಖಾಲಿ ಜಾಗವಿತ್ತು. ಒಮ್ಮೆ ಯಾರೋ ಪೆಟ್ಟಿಗೆಯ ಕಾಲಿಗೆ ಎಮ್ಮೆ ಕಟ್ಟಿ ಸಂತೆಗೆ ಹೋಗಿದ್ದರು. ಮಾಸ್ತರರು ಎಮ್ಮೆ ಬಿಚ್ಚಿಸಿ, ಅದು ಎಷ್ಟು ಹೊತ್ತು ಅಲ್ಲಿ ನಿಂತಿತ್ತು ಎಂದು ವಿಚಾರಿಸಿ, ಅದನ್ನೂ ಬರೆದರು. ನನಗೆ ನಗು ಬಂದಿತ್ತು.

"ನಗು. ಎಮ್ಮಿ ಮೈ ಬಿಸಿ ಇರತೈತಿ," ಎಂದರು.

ಮೂರು ಚಳಿಗಾಲ ಹೀಗೆ ಹೋಯಿತು. ಈ ಮೂರರಲ್ಲಿ ಒಂದು ಕೊರತೆಯೂ ಇರಲಿಲ್ಲ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಹೇಳಬೇಕಾದ ಹೊತ್ತಿಗೆ ಹೇಳಲಿಲ್ಲ.

ನಾಲ್ಕನೆಯ ಚಳಿಗಾಲದ ಮೊದಲಿಗೆ, ದೀಪಾವಳಿ ಕಳೆದ ಕೂಡಲೆ, ಮಾಸ್ತರರ ಅಣ್ಣನಿಗೆ ಲಕ್ವ ಹೊಡೆಯಿತು. ಊರಿನಲ್ಲಿ ಅಂಗಡಿ ನೋಡಿಕೊಳ್ಳುವವರು ಇರಲಿಲ್ಲ. ಮಾಸ್ತರರು ಹೆಂಡತಿಯನ್ನು ಕರೆದುಕೊಂಡು ಹೋದರು. ಬಸ್ಸು ಹತ್ತುವಾಗಲೂ, "ಬಾಗಲಾ ತಗದ ಕೂಡ್ಲೆ ಓದು, ಉಸಿರು ತಾಗಸಬ್ಯಾಡ," ಎಂದೇ ಹೇಳಿದ್ದು. ಸಂಕ್ರಾಂತಿ ಕಳೆಯುವವರೆಗೆ ಪೆಟ್ಟಿಗೆ ನನ್ನ ಕೈಯಲ್ಲಿ ಉಳಿಯಿತು.

ಆ ವರ್ಷ ನನ್ನ ಭಾವ, ಎಂದರೆ ಅಕ್ಕನ ಗಂಡ, ತ್ಯಾಗಲಿ ಕಡೆಯ ಕೆಲವು ತೋಟಗಳ ಫಸಲನ್ನು ಗುತ್ತಿಗೆ ಹಿಡಿದಿದ್ದ. ಹಸಿ ಅಡಿಕೆ ಗಾಡಿಯಲ್ಲಿ ತರಿಸಿ, ಸುಲಿಸಿ, ದೊಡ್ಡ ಹಂಡೆಯಲ್ಲಿ ಬೇಯಿಸಿ, ಒಣಗಿಸಿ, ಕೆಂಪಡಿಕೆ ಮಾಡಿ ಶಿರಸಿ ಪೇಟೆಗೆ ಕಳಿಸುವುದು. ಅವನ ಮನೆಯ ಅಂಗಳದಲ್ಲಿ ಹೊಸ ಮನೆ ಕಟ್ಟುವ ಕಲ್ಲು ತಂದು ಒಟ್ಟಿದ್ದರು. ಒಲೆ ಹೂಡಲು ಜಾಗವಿರಲಿಲ್ಲ. ಒಂದು ಸಂಜೆ ಬೇಣಕ್ಕೆ ಬಂದು ಪೆಟ್ಟಿಗೆಯ ಸುತ್ತ ನೋಡಿದ. ಪೆಟ್ಟಿಗೆಗೂ ಬೇಲಿಗೂ ನಡುವೆ ಮಟ್ಟಸವಾದ ಜಾಗವಿತ್ತು. ಒಣಗಿಸಲು ಬಿಸಿಲೂ ಚೆನ್ನಾಗಿ ಬೀಳುತ್ತಿತ್ತು.

"ಇಲ್ಲಿ ಹಾಕ್ತೆ ಒಲೆ," ಎಂದ.

"ಭಾವ, ಮಾಸ್ತರ್ರು ಬೈತ. ಹತ್ರ ಎಂತದೂ ಇಪ್ಪಲಾಗ ಹೇಳಿದ್ದ."

"ಎಂತದಾ ಅಪ್ಪಿ, ನಿನ್ನ ಜೇನುಪೆಟ್ಟಿಗೆಗೆ ಚಳಿ ಆಗ್ತು ಅಲ್ದ? ಪಕ್ಕದಲ್ಲಿ ಒಲೆ ಇದ್ರೆ ಅದಕ್ಕೂ ಬೆಚ್ಚಗೆ ಆಗ್ತು."

ಅವನ ಜೊತೆ ಬಂದ ಆಳುಗಳು ನಕ್ಕರು. ನಾನೂ ನಕ್ಕೆ.

"ಅದಲ್ದಾ ಭಾವ, ಅಳತೆ..."

"ಬೇಣ ಯಾರದ್ದು? ಪೆಟ್ಟಿಗೆ ಇಡಲೆ ಜಾಗ ಕೊಟ್ಟವ ಯಾರು? ಆನು ನಿನ್ನ ಮಾಸ್ತರ್ರನ್ನ ಕೇಳ್ಕಂಡು ಅಡಿಕೆ ಬೇಯಿಸವಾ? ಎರಡು ತಿಂಗಳು ಮಾರಾಯ. ಅವ್ರು ಬಪ್ಪದ್ರೊಳಗೆ ಕಿತ್ತು ಹಾಕ್ತೆ. ನಿನ್ನ ಅಕ್ಕಂಗೂ ಅಡಿಕೆ ದೂರ ಹೊತ್ತು ಹಾಕದು ತಪ್ತು."

ಅಕ್ಕ ಆಗ ಬಸುರಿ. ಆ ಮನೆಯಲ್ಲಿ ಅವಳ ಮಾತಿಗೆ ಹೆಚ್ಚು ಬೆಲೆ ಇರಲಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಭಾವನ ಮಾತಿಗೆ ಎದುರಾಡಬಾರದು ಎಂದು ಅಪ್ಪ ಹೇಳಿಟ್ಟಿದ್ದರು. ಇವೆಲ್ಲ ಕಾರಣ ಎಂದು ಬರೆಯಬಹುದು. ಆದರೆ ನಿಜ ಹೇಳಬೇಕೆಂದರೆ, ಒಲೆಯಿಂದ ಏನಾಗುತ್ತದೆ ಮಹಾ ಎಂದು ನನಗೂ ಅನಿಸಿತ್ತು. ನಮ್ಮಲ್ಲಿ ಅಡಿಕೆ ಬೇಯಿಸುವ ಒಲೆ ಸುಗ್ಗಿಯಲ್ಲಿ ಎಲ್ಲೆಂದರಲ್ಲಿ ಏಳುತ್ತದೆ. ಅದನ್ನು ಯಾರೂ ಬೆಂಕಿ ಎಂದು ನೋಡುವುದಿಲ್ಲ. ಅದು ಕೆಲಸ.

ಮೂರು ದೊಡ್ಡ ಕಲ್ಲು ಹೂಡಿ, ಮಣ್ಣು ಮೆತ್ತಿ, ಹಂಡೆ ಇಟ್ಟರು. ಸುಲಿಯುವುದು ಮುಗಿದೊಡನೆ ಮೊದಲ ಹಂಡೆ ಏರುತ್ತಿತ್ತು. ಬೆಳಗಾಗುವವರೆಗೂ ಉರಿ. ಬಿಸಿಲು ಬರುವಷ್ಟರಲ್ಲಿ ಬೆಂದ ಅಡಿಕೆ ಹರವಲು ತಯಾರಿರಬೇಕು. ಚಳಿ ಹೆಚ್ಚಾಗುವುದೂ ಅದೇ ಹೊತ್ತಿಗೆ. ಮೊದಲ ದಿನ ಬೆಳಿಗ್ಗೆ ಬಾಗಿಲು ತೆಗೆದು ನೋಡಿದೆ. ಕಪ್ಪು ಕಡ್ಡಿ ಹಿಂದಿನ ದಿನದಷ್ಟು ಇಳಿದಿರಲಿಲ್ಲ. ಮಾರನೆಯ ದಿನವೂ ಇಳಿದಿರಲಿಲ್ಲ. ಊರಿನವರು ಆ ವಾರ ಚಳಿ ಬಿಗಿಯಾಗಿದೆ ಎಂದು ಬಾಯಿಯಿಂದ ಹೊಗೆ ಬಿಡುತ್ತಿದ್ದರು. ಪೆಟ್ಟಿಗೆಯ ಒಳಗೆ ಮಾತ್ರ ಬೇರೆ ಊರಿನ ಬೆಳಗು.

ನಾನು ಕಂಡದ್ದನ್ನೇ ಬರೆದೆ. ಒಂದು ಅಂಕಿಯನ್ನೂ ತಿದ್ದಲಿಲ್ಲ. ಅದರಲ್ಲಿ ಪ್ರಾಮಾಣಿಕತೆ ಇದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಕೊನೆಯ ಖಾಲಿ ಜಾಗದಲ್ಲಿ ಒಲೆಯ ವಿಷಯ ಬರೆಯಲಿಲ್ಲ. ಬರೆದಿದ್ದರೆ ಒಂದು ಸಾಲು. ಎಮ್ಮೆಯ ಬಗ್ಗೆ ಬರೆದ ಹಾಗೆ.

ಸಂಕ್ರಾಂತಿಗೆ ಮೊದಲೇ ಭಾವ ಹೇಳಿದಂತೆ ಒಲೆ ಕಿತ್ತ. ಬೂದಿಯನ್ನು ತೋಟಕ್ಕೆ ಹೊತ್ತರು. ಕಲ್ಲುಗಳನ್ನು ಬೇಲಿಯ ಬುಡಕ್ಕೆ ಉರುಳಿಸಿದರು. ಮೇಲೆ ಒಂದಷ್ಟು ಹುಲ್ಲು ಎರಚಿದೆವು. ಎರಚಿದವರಲ್ಲಿ ನಾನೂ ಇದ್ದೆ.

ಮಾಸ್ತರರು ಅಣ್ಣನ ಕರ್ಮ ಮುಗಿಸಿ ಬಂದರು. ಸೊರಗಿದ್ದರು. ಬಂದ ದಿನವೇ ನನ್ನ ಅಳತೆಗಳನ್ನು ಮುಂದಿಟ್ಟುಕೊಂಡು ಕುಳಿತರು. ಅವರ ಹೆಂಡತಿ ಊರಿನಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ನಾನು ತಿನ್ನುತ್ತಿದ್ದೆ. ಮಾಸ್ತರರು ತಲೆಯೆತ್ತಲಿಲ್ಲ.

"ಭಾಳ ಬೆಚ್ಚಗ ಐತಲ್ಲೋ ಈ ಸಲ," ಎಂದರು ಕೊನೆಗೆ. "ನಮ್ಮೂರಾಗ ಚಳಿಗೆ ದನಾ ನಡಗತಿದ್ವು. ಇಲ್ಲೆ ಹಿಂಗ್ಯಾಕ?"

"ಗೊತ್ತಿಲ್ಲೆ ಮಾಸ್ತರ್ರೇ. ಇದ್ದಿದ್ದು ಬರದ್ದಿ."

"ಬರದೀ, ಛಲೋ ಮಾಡೀ." ಆಮೇಲೆ ಹೆಂಡತಿಯ ಕಡೆ ತಿರುಗಿ ಹೇಳಿದರು: "ನೋಡು, ನಾನ ಸುಳ್ಳ ಅಂತಿದ್ದೆ. ಜನಾ ಹೇಳೂದು ಖರೇ ಇದ್ದರೂ ಇರಬಹುದು. ಒಂದ ಚಳಿಗಾಲ ಅಷ್ಟ. ಇನ್ನೂ ನೋಡಬೇಕು."

ಆ ಹೊತ್ತಿಗೆ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಬೈಯುತ್ತಿದ್ದರು. ಆ ಎರಡು ತಿಂಗಳನ್ನು ಹೊಡೆದು ಹಾಕುತ್ತಿದ್ದರು. ನಾನು ರೊಟ್ಟಿ ತಿಂದು ಕೈ ತೊಳೆದೆ.

ಬೇಸಿಗೆಯಲ್ಲಿ ಕಚೇರಿಯಿಂದ ಒಬ್ಬ ಸಾಹೇಬರು ಬಂದರು. ಬರುವುದಕ್ಕೆ ಕಾರಣ ನಾನು ಆಮೇಲೆ ತಿಳಿದದ್ದು. ಶಿರಸಿ, ಯಲ್ಲಾಪುರದ ಕಡೆಯ ಪೆಟ್ಟಿಗೆಗಳು ಆ ವರ್ಷ ಒಳ್ಳೆಯ ಚಳಿ ತೋರಿಸಿದ್ದವು. ನಮ್ಮದೊಂದೇ ಬೇರೆ ಹೇಳುತ್ತಿತ್ತು. ಹೋದ ಮಳೆಗಾಲದ ಸೊಸೈಟಿ ಮಾಳಿಗೆಯ ಉಪನ್ಯಾಸದಲ್ಲೂ ಆ ಹೆಣ್ಣುಮಗಳು ಇದನ್ನೇ ಹೇಳಿದಳು. ಒಂದು ಪೆಟ್ಟಿಗೆ ತಪ್ಪು ಹೇಳಿದರೆ ನೆರೆಯ ಪೆಟ್ಟಿಗೆಗಳು ಹಿಡಿದುಕೊಡುತ್ತವೆ. ಯಾರೋ ಒಬ್ಬ ತಪ್ಪು ಮಾಡಿದ್ದಾನೆ ಎಂದು ಭೂಮಿಯ ಲೆಕ್ಕ ತಪ್ಪುವುದಿಲ್ಲ. ಸಾವಿರಾರು ಕಡೆ ನೆಲದ ಮೇಲೆ ಅಳೆದದ್ದು, ಹಡಗಿನಿಂದ ಸಮುದ್ರದ ನೀರಿನಲ್ಲಿ ಅಳೆದದ್ದು, ಎಲ್ಲ ಒಂದೇ ಮಾತು ಹೇಳುತ್ತವೆ ಎಂದಳು.

ಸಾಹೇಬರು ಕರಾವಳಿಯ ಕಡೆಯವರು, ಮೆತ್ತಗಿನ ಮಾತಿನವರು. ಪೆಟ್ಟಿಗೆಯ ಬಾಗಿಲು, ಕಾಲು, ಥರ್ಮಾಮೀಟರು ಎಲ್ಲ ಪರೀಕ್ಷಿಸಿದರು. ಎಲ್ಲ ಸರಿಯಿತ್ತು.

"ಹತ್ತಿರ ಏನಾದರೂ ಕಟ್ಟಿದ್ದರೇ? ಬೆಂಕಿ, ಗಿಂಕಿ?" ಎಂದು ಕೇಳಿದರು.

"ಇಲ್ರಿ," ಎಂದರು ಮಾಸ್ತರರು. "ನಾನಂತೂ ಅಂಥಾದ್ದು ಆಗಗೊಡೂದಿಲ್ಲ. ಆದ್ರ ಈ ಸಲ ಚಳಿಗಾಲದಾಗ ನಾ ಊರಾಗಿರ್ಲಿಲ್ಲ, ಈ ಹುಡುಗ ನೋಡ್ಯಾನ. ತಮ್ಮಾ, ಏನರ ಇತ್ತೇನು?"

"ಎಂತದೂ ಇಲ್ಲೆ," ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿ ಹೇಳಿತು. ಸಾಹೇಬರು ತಲೆಯಾಡಿಸಿ ಬೇಲಿಯ ಕಡೆ ನಡೆದರು. ಮಾವಿನ ಹೂ ಉದುರಿಸುವ ಮಳೆಯೊಂದು ಬಿದ್ದು ನಾವು ಎರಚಿದ ಹುಲ್ಲು ಕೊಚ್ಚಿಹೋಗಿತ್ತು. ಅವರು ಬೂಟಿನ ತುದಿಯಿಂದ ನೆಲ ಕೆದಕಿದರು. ಕಪ್ಪು ಮಣ್ಣು, ಅದರ ಕೆಳಗೆ ಇಟ್ಟಿಗೆಯಂತೆ ಸುಟ್ಟ ಕೆಂಪು ಮಣ್ಣು. ಬೇಲಿಯ ಬುಡದಲ್ಲಿ ಕಲ್ಲುಗಳು. ಒಂದು ಮಗ್ಗುಲು ಮಸಿ.

ಮಾಸ್ತರರು ಕಲ್ಲು ನೋಡಿದರು, ನನ್ನನ್ನು ನೋಡಲಿಲ್ಲ.

"ಇದು ಯಾವಾಗಿನದು?" ಎಂದು ಸಾಹೇಬರು ಕೇಳಿದರು. ನಾನು ಬೇಲಿಯ ಕಡೆ ತಿರುಗಿದೆ. ಅವರು ಸಿಟ್ಟು ಮಾಡಲಿಲ್ಲ. ಬಿಡಿಸಿ ಹೇಳಿದರು. "ಮಾಸ್ತರರೇ, ನೋಡಿ. ಈ ಒಲೆ ಈ ಚಳಿಗಾಲದ್ದು ಮಾತ್ರ ಅಂತ ಗೊತ್ತಿದ್ದವರು ಒಂದು ಮಾತು ಹೇಳಿದರೆ ಆ ತಿಂಗಳುಗಳನ್ನು ಬಿಟ್ಟು ಉಳಿದದ್ದು ಇಟ್ಟುಕೊಳ್ಳಬಹುದು. ಪೆಟ್ಟಿಗೆಯೂ ಇರಬಹುದು. ಅದು ಗೊತ್ತಾಗದಿದ್ದರೆ ಹಿಂದಿನ ವರ್ಷಗಳಲ್ಲೂ ಉರಿ ಇತ್ತೋ ಏನೋ ಅಂತಾಗುತ್ತದೆ. ಆಗ ಪೂರ್ತಿ ಬಿಡಬೇಕು. ಪೆಟ್ಟಿಗೆಯನ್ನು ಬೇರೆ ಕಡೆ ಒಯ್ಯಬೇಕು. ನಾಳೆ ಬೆಳಗಿನವರೆಗೆ ಪ್ರವಾಸಿ ಬಂಗಲೆಯಲ್ಲಿರುತ್ತೇನೆ. ವಿಚಾರಿಸಿ ಹೇಳಿ."

ಇಷ್ಟು ಸರಳವಾಗಿತ್ತು ಅದು.

ಮಾಸ್ತರರು ಮೊದಲು ಭಾವನ ಮನೆಗೆ ಹೋದರು. ನಾನು ಹಿಂದೆ ಹೋದೆ. ಭಾವ ಜಗಲಿಯ ಮೇಲೆ ಎಲೆಯಡಿಕೆಯ ಕವಳ ಹಾಕುತ್ತ ಕುಳಿತಿದ್ದ.

"ಒಲಿ ನಿಮ್ಮದ ಏನ್ರಿ?"

"ಯಂಗಳ ಬೇಣ, ಯಂಗಳ ಒಲೆ."

"ಯಾವಾಗ ಹೂಡಿದ್ರಿ? ಅಷ್ಟ ಹೇಳ್ರಿ ಸಾಕು. ಈ ಸಲನ ಮೊದಲೇನು?"

ಭಾವನಿಗೆ ಅದು ತಕರಾರಿನ ಹಾಗೆ ಕೇಳಿಸಿತು. "ಯಾವಾಗ ಬೇಕಾದ್ರೂ ಹೂಡ್ತ್ಯ ಮಾಸ್ತರ್ರೇ. ಅಜ್ಜನ ಕಾಲದಲ್ಲೂ ಹೂಡಿದ್ದ. ನಿಂಗಳ ಸಾಹೇಬಂಗೆ ಹೇಳಿ, ಜಾಗ ಯಂಗಳದ್ದು ಹೇಳಿ. ಪೆಟ್ಟಿಗೆ ಅವಂದು, ತಗಂಡು ಹೋಗ್ಲಿ."

ಮಾಸ್ತರರು ಇಳಿದು ಬಂದರು. ಬೇಲಿಯ ದಣಪೆ ದಾಟಿದ ಮೇಲೆ ನಿಂತರು. ನಿಂತು ಈಗ ನನ್ನನ್ನು ನೋಡಿದರು.

"ತಮ್ಮಾ, ನಿನ್ನ ಬೈಯೂದಿಲ್ಲ. ಆಣಿ ಮಾಡಿ ಹೇಳ್ತೀನಿ, ಒಂದ ಮಾತೂ ಬೈಯೂದಿಲ್ಲ. ನಾ ಪ್ರತಿ ವರ್ಷ ಇಲ್ಲೇ ಇದ್ದೆ, ನಂಗ ಗೊತ್ತೈತಿ ಮೊದಲ ಇರ್ಲಿಲ್ಲ ಅಂತ. ಆದ್ರ ನಾ ಹೇಳಿದ್ರ ನಡಿಯೂದಿಲ್ಲ, ಪೆಟಗಿ ಉಳಸ್ಕೊಳ್ಳಾಕ ಹೇಳ್ತಾನ ಅಂತಾರ. ನೀ ಹೇಳಬೇಕು. ಈ ಚಳಿಗಾಲದಾಗ ನಾವು ಹೂಡಿದ್ವಿ, ಮೊದಲ ಇರ್ಲಿಲ್ಲ. ಇಷ್ಟ. ಬಾ, ಬಂಗಲೆಗೆ ಹೋಗೂಣು."

"ಯಂಗೆ ಗೊತ್ತಿಲ್ಲೆ ಮಾಸ್ತರ್ರೇ," ಎಂದೆ.

ಬೆಳಿಗ್ಗೆ ಸಾಹೇಬರೆದುರು ಇಲ್ಲ ಎಂದಿದ್ದೆ. ಈಗ ಹೌದು ಎನ್ನಬೇಕಾದರೆ ಆ ಇಲ್ಲ ಎಂಬುದನ್ನು ಮೊದಲು ಹಿಂದೆ ತೆಗೆದುಕೊಳ್ಳಬೇಕಿತ್ತು. ಭಾವ ಜಗಲಿಯಿಂದ ನೋಡುತ್ತಿದ್ದ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳ ಮುಖದಲ್ಲಿ ಏನಿತ್ತು ಎಂದು ನೆನಪಿಲ್ಲ. ನನ್ನೊಳಗೆ ಏನಿತ್ತು ಎಂದೂ ನೆನಪಿಲ್ಲ. ಭಯ ಎಂದು ಬರೆದರೆ ಸುಳ್ಳಾಗುತ್ತದೆ. ಕಾಲು ಜೋಮು ಹಿಡಿದಾಗ ಅದು ನಮ್ಮದಲ್ಲ ಅನಿಸುವುದಿಲ್ಲವೇ, ಹಾಗಿತ್ತು.

ಮಾಸ್ತರರು ಒಮ್ಮೆ ಜಗಲಿಯ ಕಡೆ ನೋಡಿದರು. ಆಮೇಲೆ "ಆತು ಬಿಡು," ಎಂದು ಒಬ್ಬರೇ ಬಂಗಲೆಯ ದಾರಿ ಹಿಡಿದರು. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ.

ಮಳೆ ಹಿಡಿಯುವ ಮೊದಲು ಒಂದು ಲಾರಿ ಬಂತು. ನಾಲ್ಕು ಕಾಲು ಅಗೆದು ತೆಗೆಯಲು ಆಳು ಸಾಲದೆ ನನ್ನನ್ನೂ ಕರೆದರು. ನಾನೂ ಕೈ ಕೊಟ್ಟೆ. ಒಂದು ಕಾಲಿಗೆ ಗೆದ್ದಲು ಹಿಡಿಯತೊಡಗಿತ್ತು. ಇನ್ನೆರಡು ವರ್ಷ ಬಿಟ್ಟಿದ್ದರೆ ತಾನೇ ಬೀಳುತ್ತಿತ್ತು ಎಂದು ಲಾರಿಯವನು ಹೇಳಿದ. ಆ ಮಾತಿನಿಂದ ನನಗೆ ಸಮಾಧಾನವಾಯಿತು. ಬಹಳ ದಿನ ಅದನ್ನೇ ನೆನೆಸಿಕೊಳ್ಳುತ್ತಿದ್ದೆ. ಕಾಲು ಬದಲಾಯಿಸಬಹುದಿತ್ತು ಎಂಬುದು ನನಗೂ ಗೊತ್ತಿತ್ತು.

ಮಾಸ್ತರರು ಬರಲಿಲ್ಲ. ಅದೇ ವರ್ಷ ಬಾಡಿಗೆ ಮನೆ ಬಿಟ್ಟು ತಮ್ಮ ಊರಿಗೆ ಹೋದರು. ಪಾತ್ರೆ ಪಗಡೆ ಗಾಡಿಗೆ ಹೇರುವಾಗ ನಾನು ಹೋಗಿ ಸಹಾಯ ಮಾಡಿದೆ. ಅವರ ಹೆಂಡತಿ ಉಳಿದ ಉಪ್ಪಿನಕಾಯಿಯನ್ನು ನನಗೆ ಕೊಟ್ಟರು. ಒಲೆಯ ಮಾತು ಯಾರೂ ಎತ್ತಲಿಲ್ಲ. ಅಕ್ಕನಿಗೆ ಹೆಣ್ಣು ಮಗು ಆಯಿತು. ಭಾವ ಮುಂದಿನ ಸುಗ್ಗಿಗೆ ಅದೇ ಜಾಗದಲ್ಲಿ ಒಲೆ ಹೂಡಿದ. ನಾನು ಯಲ್ಲಾಪುರದಲ್ಲಿ ಒಂದು ನಾಟಾ ಡಿಪೋದಲ್ಲಿ ಗುಮಾಸ್ತನಾದೆ. ಕಡಿದು ತಂದ ಮರ ಎಣಿಸುವುದು ಕೆಲಸ. ಸಾಗವಾನಿ ನೆಡುವ ಮೊದಲು ಉಳಿದ ಕಾಡಿಗೆ ಬೆಂಕಿ ಇಡುವುದನ್ನು ಅಲ್ಲಿ ಬೇಸಿಗೆ ಬೇಸಿಗೆ ನೋಡಿದೆ. ಹೊಗೆ ಆರದೆ ವಾರಗಟ್ಟಲೆ ನಿಲ್ಲುತ್ತಿತ್ತು. ಅದೂ ಕೆಲಸವೇ. ಅದನ್ನೂ ಯಾರೂ ಬೆಂಕಿ ಎಂದು ನೋಡುತ್ತಿರಲಿಲ್ಲ.

ಉಪನ್ಯಾಸದ ಆ ಹೆಣ್ಣುಮಗಳು ಹೇಳಿದ ಇನ್ನೊಂದು ಸಂಗತಿ ಇಲ್ಲಿ ಬರೆಯಬೇಕು. ನಮ್ಮ ಪೆಟ್ಟಿಗೆ ನಿಂತಿದ್ದ ವರ್ಷಗಳಲ್ಲೇ ದೂರದ ಸಮುದ್ರದ ನಡುವಿನ ಒಂದು ಬೆಟ್ಟದ ಮೇಲೆ ಒಬ್ಬರು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಎಷ್ಟಿದೆ ಎಂದು ಅಳೆಯತೊಡಗಿದರಂತೆ. ಅಳತೆ ಇವತ್ತಿಗೂ ನಡೆದಿದೆಯಂತೆ. ವರ್ಷ ವರ್ಷ ಏರುವ ಗೆರೆ ಅದು. ಈ ಅನಿಲ ಬಿಸಿಯನ್ನು ಹಿಡಿದಿಡುತ್ತದೆ ಎಂಬುದು ಅದಕ್ಕೂ ಎಷ್ಟೋ ಮೊದಲೇ ತಿಳಿದಿತ್ತು. ಹೆಚ್ಚಾದ ಇಂಗಾಲ ಎಲ್ಲಿಂದ ಬಂತು ಎಂಬುದನ್ನೂ ಅದರ ಗುಣದಿಂದ ಗುರುತಿಸುತ್ತಾರೆ. ನೆಲದಡಿ ಯುಗಯುಗಗಳಿಂದ ಹುದುಗಿದ್ದ ಕಲ್ಲಿದ್ದಲು, ಎಣ್ಣೆ ಸುಟ್ಟದ್ದಕ್ಕೂ ಉಳಿದದ್ದಕ್ಕೂ ವ್ಯತ್ಯಾಸವಿದೆ. ಕಾಡು ಕಡಿದು ಸುಟ್ಟದ್ದೂ ಲೆಕ್ಕದಲ್ಲಿ ಇದೆ. ಸೂರ್ಯನೇ ಕಾರಣವಾಗಿದ್ದರೆ ಮೇಲಿನ ಆಕಾಶದ ಗಾಳಿಯೂ ಬಿಸಿಯಾಗಬೇಕಿತ್ತು. ಕೆಳಗೆ ಬಿಸಿಯಾಗಿ ಬಹಳ ಮೇಲೆ ತಣ್ಣಗಾಗಿದೆ. ಹಗಲಿಗಿಂತ ರಾತ್ರಿಗಳ ಚಳಿ ಬೇಗ ಕಡಿಮೆಯಾಗಿದೆ. ಇದನ್ನು ಕೇಳಿದಾಗ ಕಪ್ಪು ಕಡ್ಡಿ ಕಣ್ಣ ಮುಂದೆ ಬಂತು. ಮಾಸ್ತರರು ರಾತ್ರಿಯ ಚಳಿಯನ್ನೇ ನೋಡುತ್ತಿದ್ದರು. ಯಾಕೆ ಕಡಿಮೆಯಾಗಬಹುದು ಎಂಬುದು ಅವರಿಗೆ ಗೊತ್ತಿರಲಿಲ್ಲ. ಕಾಡು ಕಡಿದದ್ದರಿಂದ ಇರಬಹುದು, ಏನೂ ಇಲ್ಲದಿರಬಹುದು ಎಂದು ಎರಡಕ್ಕೂ ಸಿದ್ಧರಿದ್ದರು. ಸರಿಯಾದ ಜಾಗದಲ್ಲಿ ನಿಂತು ನೋಡುತ್ತಿದ್ದರು, ಅಷ್ಟೇ.

ನಮ್ಮ ಮೂರು ಚಳಿಗಾಲ ಇಲ್ಲದೆಯೂ ಇದೆಲ್ಲ ಸಾಬೀತಾಗಿದೆ. ನನ್ನಿಂದ ಭೂಮಿಗೆ ಏನೂ ಕಡಿಮೆಯಾಗಲಿಲ್ಲ. ಹೀಗೆ ಯೋಚಿಸಿದರೆ ನನ್ನ ತಪ್ಪು ಬಹಳ ಸಣ್ಣದು. ನಾನು ಹಾಗೆ ಯೋಚಿಸಿ ನೋಡಿದ್ದೇನೆ. ಭೂಮಿಗೆ ಕಡಿಮೆಯಾಗಲಿಲ್ಲ, ಒಬ್ಬ ಮನುಷ್ಯನಿಗೆ ಆಯಿತು. ಮತ್ತು ಸಿದ್ದಾಪುರದ್ದು ಹೇಳು ಎಂದವರಿಗೆ ಉತ್ತರವಿಲ್ಲದೆ ಹೋಯಿತು.

ಮಾಸ್ತರರನ್ನು ನಾನು ಮತ್ತೆ ಒಂದು ಸಲ ನೋಡಿದೆ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಡಿಪೋದ ಕೆಲಸಕ್ಕೆ ಆ ಕಡೆ ಹೋದವನು ಅವರ ಊರಿನಲ್ಲಿ ಬಸ್ಸು ಇಳಿದೆ. ಹೇಳಿಬಿಡಬೇಕು ಎಂದು ಹೋದೆನೋ, ಬಸ್ಸು ನಿಂತಿತು ಎಂದು ಇಳಿದೆನೋ, ಗೊತ್ತಿಲ್ಲ. ಅವರು ಅಣ್ಣನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದರು. ಕನ್ನಡಕ ದಪ್ಪವಾಗಿತ್ತು. ದನಿಯಿಂದ ಗುರುತು ಹಿಡಿದರು.

"ಬಾ ತಮ್ಮಾ, ಕೂಡು. ಚಾ ಕುಡಿ. ನಿಮ್ಮ 'ಇಲ್ಲೆ' ಕೇಳಿ ಭಾಳ ದಿನಾ ಆಗಿತ್ತು. ಎಂತ, ಹೆಂಗಿದ್ದಿ?" ಎಂದು ನಮ್ಮ ಮಾತನ್ನು ಅಣಕಿಸಿದರು. ಹಿಂದೆಯೂ ಹಾಗೆಯೇ ಅಣಕಿಸುತ್ತಿದ್ದರು.

ಅಕ್ಕನ ಮಗಳ ವಿಷಯ ಕೇಳಿದರು. ತಮ್ಮ ಹೆಂಡತಿ ತೀರಿಕೊಂಡದ್ದನ್ನು ಹೇಳಿದರು. ಚಹಾ ಬಂತು. ಆಮೇಲೆ ಕೇಳಿದರು, "ಈ ಸಲ ನಿಮ್ಮ ಕಡೆ ಚಳಿ ಹೆಂಗೈತಿ?"

"ಹೆಚ್ಚಿಲ್ಲೆ ಮಾಸ್ತರ್ರೇ."

"ಯಾಕ, ಮತ್ತ ಒಲಿ ಹೂಡಿರೇನು?" ಎಂದು ನಕ್ಕರು. ಕಹಿಯಾಗಿ ನಗಲಿಲ್ಲ. ಅಂಗಡಿಯ ಆಳು ಏನೆಂದು ತಿಳಿಯದೆ ತಾನೂ ನಕ್ಕ.

ಆಗ ಹೇಳಿದೆ. "ಅದೊಂದೇ ಚಳಿಗಾಲ ಮಾಸ್ತರ್ರೇ. ಮೊದ್ಲು ಇರ್ಲಿಲ್ಲೆ. ಭಾವ ಹೂಡಿದ್ದ, ಆನು ಬ್ಯಾಡ ಹೇಳಿದ್ನಿಲ್ಲೆ. ಯಂಗೆ ಗೊತ್ತಿತ್ತು."

ಅವರು ಕನ್ನಡಕ ತೆಗೆದು ಒರೆಸಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ನಂಗೂ ಗೊತ್ತಿತ್ತಲ್ಲೋ," ಎಂದರು. "ನಿನ್ನ ಬಾಯಿಂದ ಬರಬೇಕಿತ್ತು, ಅಷ್ಟ. ಈಗ ಅದನ್ನ ತಗೊಂಡು ಎಲ್ಲಿ ಹೋಗ್ಲಿ? ಆ ಸಾಹೇಬ ಪೆನ್ಶನ್ ಆದ. ಕಾಗದ ಅವ್ರು ಯಾವಾಗ್ಲೋ ಒಗದಿರ್ತಾರ." ಕನ್ನಡಕ ಮತ್ತೆ ಹಾಕಿಕೊಂಡರು. "ಇಲ್ಲೆ ಅಂಗಡಿ ಮುಂದ ಒಂದ ಪೆಟಗಿ ಇಡಸಬೇಕು ಅಂತ ಕೇಳಿದ್ದೆ. ಒಮ್ಮೆ ಅಳತಿ ಕೆಡಿಸಿದವನ ಕೈಯಾಗ ಮತ್ತ ಕೊಡೂದಿಲ್ಲ ಅಂತ ಉತ್ತರ ಬಂತು. ತಪ್ಪಲ್ಲ ಅವರದು. ನಾನಾಗಿದ್ರೂ ಕೊಡ್ತಿರ್ಲಿಲ್ಲ."

ಒಬ್ಬಳು ಬೆಲ್ಲ ಕೇಳಿಕೊಂಡು ಬಂದಳು. ಮಾಸ್ತರರು ತೂಕದ ಕಲ್ಲುಗಳನ್ನು ಕೈಯಲ್ಲಿ ತಡವಿ ಗುರುತಿಸಿ ತಕ್ಕಡಿಗೆ ಹಾಕಿದರು. ಬೆಲ್ಲ ಕಟ್ಟಿಕೊಟ್ಟರು. ಆಮೇಲೆ ಇನ್ನೊಬ್ಬ ಬಂದ. ನಾನು ಬೆಂಚಿನ ಮೇಲೆ ಕುಳಿತೇ ಇದ್ದೆ. ಅವರು ಮತ್ತೆ ನನ್ನ ಕಡೆ ತಿರುಗಿದಾಗ ಶಿರಸಿಯ ಬಸ್ಸಿನ ಹೊತ್ತು ಹೇಳಿದರು. ತಡಮಾಡಿದರೆ ಸಿಗುವುದಿಲ್ಲ ಎಂದರು.

ಎದ್ದೆ. ಹೇಳಿದ್ದರಿಂದ ಹಗುರವಾಗುತ್ತದೆ ಎಂದು ಕೇಳಿದ್ದೆ. ಹಾಗೇನೂ ಆಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಿಟಕಿಗೆ ಗಾಜಿರಲಿಲ್ಲ, ಗಾಳಿ ನೇರ ಬಡಿಯುತ್ತಿತ್ತು. ಪಕ್ಕದಲ್ಲಿದ್ದವನು ಶಾಲು ಎಳೆದುಕೊಂಡು, ಏನ್ರೀ ಚಳಿ, ಎಂದ. ಎಷ್ಟಿದೆ ಎಂದು ನನಗೆ ಗೊತ್ತಾಗಲಿಲ್ಲ.